ಕೆಂಪು ಕಾರಿನ ವಂಶಾವಳಿ

ಎಡವಟ್ಟು ಶುರುವಾಗಿದ್ದು ಇಲ್ಲದ ಒಂದು ಕಾಗದದಿಂದ. ಸ್ಪಿಲಂಬೆರ್ತೊ ಊರಿನ ಚೌಕದಲ್ಲಿ ಹಳೇ ಕಾರುಗಳ ಸ್ಪರ್ಧೆ. ಕ್ಷೌರಿಕ ಒರೆಸ್ತೆ ಗವಿಯೋಲಿ ತನ್ನ ಕೆಂಪು ಕಾರಿನ ಪಕ್ಕ ಮದುವಣಿಗನ ಹಾಗೆ ನಿಂತಿದ್ದ. ಸೋದರಮಾವ ಸತ್ತಾಗ ಆ ಕಾರು ಕೊಟ್ಟಿಗೆಯಲ್ಲಿತ್ತು, ಒಳಗೆ ಕೋಳಿ ಕಾವು ಕೂತಿತ್ತು. ಹನ್ನೊಂದು ವರ್ಷ ಬಿಚ್ಚಿ, ಕಟ್ಟಿ, ತಿಕ್ಕಿ ಅದಕ್ಕೆ ಜೀವ ಬರಿಸಿದ್ದ.

ತೀರ್ಪುಗಾರ ಕನ್ನಡಕ ಏರಿಸಿದ. "ಐವತ್ತೇಳರಲ್ಲಿ ನಿಮ್ಮ ಮಾವ ಕೊಂಡ್ರು. ಅರವತ್ತೊಂದರಲ್ಲಿ ಆಲ್ವಿಸೆ ಮೊಂತೊರ್ಸಿಗೆ ಮಾರಿದ್ರು. ಸರಿ. ಆಮೇಲೆ ಮಾವನ ಕೊಟ್ಟಿಗೆಗೆ ಹೇಗೆ ವಾಪಸ್ ಬಂತು?"

"ಮತ್ತೆ ಕೊಂಡ್ಕೊಂಡಿರ್ತಾರೆ ಸ್ವಾಮಿ!"

"ಹಾಗಾದ್ರೆ ಆ ಪತ್ರ ತನ್ನಿ. ಮಾಲೀಕರ ಇತಿಹಾಸ ಪೂರ್ತಿ ಇರ್ಬೇಕು. ಹನ್ನೆರಡು ಗಂಟೆವರೆಗೂ ಕಾಯ್ತೀನಿ."

"ತಂದೇ ತರ್ತೀನಿ! ಇಲ್ಲಾಂದ್ರೆ ನನ್ನ ಮೀಸೆ ನಾನೇ ಬೋಳಿಸ್ಕೋತೀನಿ."

ಅಷ್ಟರಲ್ಲಿ ಪಕ್ಕದ ಮನೆಯ ಅರ್ಮೀದಾ ಕಾರೊಳಗೆ ಕೂತಾಗಿತ್ತು. "ಮೊಂತೊರ್ಸಿ ತೀರ್ಕೊಂಡ್ರು. ಹೆಂಡ್ತಿ ಜೆಲಿಂದಜ್ಜಿ ಕಸ್ತೆಲ್ವೆತ್ರೊ ಗುಡ್ಡದ ಮೇಲಿದಾರೆ. ನಡಿ, ತೋರಿಸ್ತೀನಿ."

"ದಾರಿ ಹೇಳಿದ್ರೆ ಸಾಕು ಅಕ್ಕ."

"ನಿನ್ನೊಬ್ಬನ್ನೇ ಕಳಿಸಿದ್ರೆ ಬಾಯಿ ಬಿಡದೆ ವಾಪಸ್ ಬರ್ತೀಯ ಅಷ್ಟೆ!"

ಅರ್ಧ ಗುಡ್ಡದಲ್ಲಿ ಎಂಜಿನ್ನು ಗಂಜಿ ಮಡಕೆಯ ಹಾಗೆ ಕೊತಕೊತ ಕುದಿದು ನಿಂತಿತು. ಒರೆಸ್ತೆ ಇಳಿದು ತಳ್ಳಿದ. ಅರ್ಮೀದಾ ಕೂತಲ್ಲಿಂದಲೇ, "ಇನ್ನೂ ಜೋರಾಗಿ ತಳ್ಳೋ!" ಎಂದಳು. ಹತ್ತಿರದಲ್ಲೆಲ್ಲೂ ನೀರಿಲ್ಲ. ದ್ರಾಕ್ಷಿ ತೋಟದವನೊಬ್ಬ ಕನಿಕರಪಟ್ಟು ಎರಡು ಬಾಟಲಿ ಲಂಬ್ರುಸ್ಕೊ ವೈನು ಕೊಟ್ಟ. ಒರೆಸ್ತೆ ಕಣ್ಣು ಮುಚ್ಚಿ ಅದನ್ನೇ ರೇಡಿಯೇಟರಿಗೆ ಸುರಿದ. ಕಾರು ಕುಡುಕನಂತೆ ಬಿಕ್ಕಳಿಸುತ್ತಾ ಗುಡ್ಡ ಹತ್ತಿತು.

ಎಂಬತ್ತಾರರ ಜೆಲಿಂದಜ್ಜಿ ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದಳು.

"ಅಜ್ಜಿ, ನಿಮ್ಮೆಜಮಾನ್ರು ಕೆಂಪು ಕಾರನ್ನ ಮತ್ತೆ ನಮ್ಮ ಸೋದರಮಾವನಿಗೇ ಮಾರಿದ ಪತ್ರ ಏನಾದ್ರೂ ಇದೆಯಾ?" ಒರೆಸ್ತೆ ಕೇಳಿದ.

ಅಜ್ಜಿಯ ಕೈ ನಿಂತಿತು. "ಮಾರಿದ್ದಾ? ಯಾರು ಮಾರಿದ್ದು? ಮದುವೆಗೆ ಹೋಗ್ಬೇಕು, ಒಂದೇ ಒಂದು ದಿನ ಕೊಡಿ ಅಂತ ನಿಮ್ಮ ಮಾವ ಕೇಳಿ ತಗೊಂಡು ಹೋದ. ಆಮೇಲೆ ಬಂದು, ಕಳ್ಳರು ಹೊಡ್ಕೊಂಡು ಹೋದ್ರು ಅಂತ ಇದೇ ಜಗಲೀಲಿ ಕೂತು ಅತ್ತ. ನಮ್ಮೋರು ಸಾಯೋವರೆಗೂ ಆ ಕಳ್ಳರಿಗೆ ಶಾಪ ಹಾಕ್ತಿದ್ರು." ಒಳಗಿಂದ ಡಬ್ಬಿ ತಂದು ನೋಂದಣಿ ಪುಸ್ತಕ ಬಿಡಿಸಿದಳು. ಕೊನೆಯ ಹೆಸರು ಮೊಂತೊರ್ಸಿ. ಅದರ ಕೆಳಗೆ ಖಾಲಿ.

ಒರೆಸ್ತೆ ಗೇಟಿನ ಕಡೆ ತಿರುಗಿದ. "ಹೌದಾ... ಪಾಪ. ಬರ್ತೀವಿ ಅಜ್ಜಿ," ಎಂದು ಅರ್ಮೀದಾಳ ತೋಳು ಎಳೆದ.

"ಬರ್ತೀವಿ ಅಂದ್ರೆ?" ಅರ್ಮೀದಾ ತೋಳು ಕೊಡವಿಕೊಂಡಳು. "ಅಜ್ಜಿ, ನಿಮ್ಮ ಕಾರು ಗೇಟಿನಾಚೆನೇ ನಿಂತಿದೆ! ಫಳಫಳ ಹೊಳೀತಿದೆ, ಬಂದು ನೋಡಿ!"

ಅಜ್ಜಿ ಬಂದು ನೋಡಿದಳು. ಬಾನೆಟ್ಟಿನ ಮೇಲೆ ಕೈಯಿಟ್ಟು ಸವರಿದಳು. ಆಮೇಲೆ ಆ ಕೈಯನ್ನೇ ಮುಂದೆ ಚಾಚಿದಳು. ಒರೆಸ್ತೆ ಹನ್ನೊಂದು ವರ್ಷ ತಿಕ್ಕಿದ ಬಾಗಿಲನ್ನು ಅಂಗಿಯ ತೋಳಿನಿಂದ ಇನ್ನೊಮ್ಮೆ ಒರೆಸಿದ. ಕೀಲಿಯನ್ನು ಅಜ್ಜಿಯ ಕೈಗಿಟ್ಟ.

"ಇತಿಹಾಸ ಪೂರ್ತಿಯಾಯ್ತಲ್ಲ, ಹನ್ನೆರಡರೊಳಗೆ ಹೋಗಿಬಿಡೋಣ ಅಜ್ಜಿ!" ಅರ್ಮೀದಾ ಆಗಲೇ ಇನ್ನೊಂದು ಸೀಟಿನಲ್ಲಿ ಕೂತಿದ್ದಳು. ಮೂರನೇ ಸೀಟು ಇರಲಿಲ್ಲ.

ಅಜ್ಜಿ ತಲೆಗೆ ಬಟ್ಟೆ ಕಟ್ಟಿ, ಸ್ಟೀರಿಂಗ್ ಹಿಂದೆ ಕೂತು, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಹೊರಗೆ ನಿಂತ ಒರೆಸ್ತೆಯ ಕೆನ್ನೆ ತಟ್ಟಿದಳು.

"ಚೆನ್ನಾಗಿ ನೋಡ್ಕೊಂಡಿದೀಯಪ್ಪ. ವಾಪಸ್ ಕೊಡೋದು ಸ್ವಲ್ಪ ತಡ ಆಯ್ತು, ಇರಲಿ ಬಿಡು."