ತಾತನಿಗೆ ಬೋಟಿನಲ್ಲಿ ಊಟ ಬಡಿಸಿದ್ದು

ನಮ್ಮ ಮನೆಯಲ್ಲಿ ಯಾವ ಕೆಲಸವನ್ನೂ ನೆಟ್ಟಗೆ ಮಾಡಿ ಗೊತ್ತಿಲ್ಲ. ಪಕ್ಕದ ಮನೆಗೆ ಹೆಪ್ಪು ಕೇಳಲು ಹೋದರೆ ಮೊದಲು ಅವರ ಹಸುವಿನ ಕ್ಷೇಮ, ಆಮೇಲೆ ಕರುವಿನ ಕ್ಷೇಮ ವಿಚಾರಿಸಿ, ಕೊನೆಗೆ ಹೆಪ್ಪನ್ನೇ ಮರೆತು ಬರುವ ಜನ ನಾವು. ಹೀಗಿರುವಾಗ ಇಂಥ ಪ್ರಸಂಗಗಳು ನಮಗಲ್ಲದೆ ಇನ್ಯಾರಿಗೆ ಆಗಬೇಕು?

ಬರೀ ಕಾಫಿ

ನಾನು ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ಗುಮಾಸ್ತನಾಗಿದ್ದು ನಿವೃತ್ತನಾದವನು. ಮನೆ ಬಾಬುರಾಯನಕೊಪ್ಪಲಿನಲ್ಲಿ. ಮಗಳು ಪಾಂಡವಪುರದಲ್ಲಿ ಟೀಚರು. ಅವಳಿಗೆ ನಾಗಮಂಗಲದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಕೊಚ್ಚಿಯ ಹಾರ್ಬರಿನಲ್ಲಿ ಕ್ರೇನ್ ವಿಭಾಗದ ಇಂಜಿನಿಯರು. ಹುಡುಗ, ಹುಡುಗಿ ಇಬ್ಬರೂ ಒಪ್ಪಿದರು. ಹುಡುಗನ ಅಪ್ಪ, ಅಮ್ಮನೂ ಒಪ್ಪಿದರು. ಆದರೆ ಆ ಮನೆಯಲ್ಲಿ ಕಡೇ ಮಾತು ಹುಡುಗನ ತಾತನದು.

ಹೆಣ್ಣು ನೋಡಲು ಬಂದ ದಿನ ತಾತ ನಮ್ಮ ಜಗಲಿಯ ಮೇಲೆ ಮಧ್ಯಾಹ್ನ ಎರಡು ಗಂಟೆಯವರೆಗೆ ಕೂತರು. ಒಳಗೆ ಅಡಿಗೆ ಆಗಿತ್ತು. ಹೊರಗೆ ಕಾಫಿ ಹೋಯಿತು. ತಾತ ಕಾಫಿ ಕುಡಿದು, ಒಳಗಿನ ಒಗ್ಗರಣೆಯ ಘಮಲಿಗೆ ಒಂದು ಸಲ ಮೂಗರಳಿಸಿ, "ನೋಡಾನ" ಅಂದು ಛತ್ರಿ ತಗೊಂಡು ಹೊರಟುಬಿಟ್ಟರು.

ಈ ಸಂಬಂಧ ತಂದವನು ಕ್ಯಾತನಹಳ್ಳಿಯ ನನ್ನ ಸ್ನೇಹಿತ. ಕಬ್ಬು ಬೆಳೆಯುತ್ತಾನೆ, ಬಿಡುವಿದ್ದಾಗ ಸಂಬಂಧ ಕುದುರಿಸುತ್ತಾನೆ. ಅವನು ನನ್ನ ಕಿವಿಯಲ್ಲಿ ಹೇಳಿದ: "ಅವ್ರು ಅಳೇ ಕಾಲದೋರು ಕಣಯ್ಯ. ಒಪ್ಪೋಗಂಟ ಎಣ್ಣಿನ ಕಡೆ ಅನ್ನ ಮುಟ್ಟಾಕಿಲ್ಲ. ಉಂಡ್ರು ಅಂದ್ರೆ ಒಪ್ಪುದ್ರು ಅಂತ. ನೀನೇನಾದ್ರೂ ಊಟ ಮಾಡಿ ಅಂತ ಬಾಯಿಬುಟ್ಟು ಕೇಳಿ, ಅವ್ರು ಒಲ್ಲೆ ಅಂದ್ರೋ, ಅಲ್ಲಿಗೆ ಮುಗೀತು. ಕೇಳಕ್ಕೇ ಓಗ್ಬ್ಯಾಡ."

ನಾನು ಕೇಳಲಿಲ್ಲ. ಮೂರು ತಿಂಗಳಲ್ಲಿ ತಾತ ಏನಾದರೊಂದು ನೆಪದಲ್ಲಿ ಐದು ಸಲ ಬಂದರು. ಐದು ಸಲವೂ ಕಾಫಿ, ಐದು ಸಲವೂ "ನೋಡಾನ". ಕೊನೆಗೆ ಮಗಳೇ ಕೇಳಿದಳು: "ಅಪ್ಪ, ನಾವು ಸಂಬಂಧ ಮಾಡ್ತಿದೀವಾ, ಕಾಫಿ ಕ್ಲಬ್ ನಡೆಸ್ತಿದೀವಾ?" ನಗುತ್ತಲೇ ಕೇಳಿದಳು, ಆದರೆ ಕಣ್ಣು ನಗುತ್ತಿರಲಿಲ್ಲ. ನನಗೆ ಸಂಕಟವಾಯಿತು.

ಅಷ್ಟರಲ್ಲಿ ಹುಡುಗ ತನ್ನ ಕ್ವಾರ್ಟರ್ಸು ನೋಡಲು ನಮ್ಮನ್ನೆಲ್ಲ ಕೊಚ್ಚಿಗೆ ಕರೆದ. ಅಲ್ಲಿ ಸಂಜೆ ಹಾರ್ಬರಿನಲ್ಲಿ ಬೋಟು ಹೋಗುತ್ತದಂತೆ. ಸೂರ್ಯ ಮುಳುಗುವುದನ್ನು ತೋರಿಸಿ, ಬೋಟಿನಲ್ಲೇ ಊಟ ಹಾಕಿ, ಎರಡು ಗಂಟೆಯಲ್ಲಿ ವಾಪಸು ತಂದುಬಿಡುತ್ತಾರಂತೆ. ನನ್ನ ತಲೆಗೆ ತಟ್ಟನೆ ಹೊಳೆಯಿತು. ನೆಲದ ಮೇಲಾದರೆ ತಾತ ಕಾಫಿ ಕುಡಿದು ಎದ್ದು ಹೋಗುತ್ತಾರೆ. ನೀರಿನ ಮೇಲೆ ಎದ್ದು ಎಲ್ಲಿಗೆ ಹೋಗುತ್ತಾರೆ? ಹೊಟ್ಟೆ ಹಸಿಯಲೇಬೇಕು, ಎದುರಿಗೆ ಊಟ ಇರಲೇಬೇಕು. ಟಿಕೆಟ್ಟು ನಾನು ತೆಗೆದರೆ ಅದು ಹೆಣ್ಣಿನ ಕಡೆಯ ಊಟವೇ.

ಕ್ಯಾತನಹಳ್ಳಿಯವನು ಇದನ್ನು ಕೇಳಿ, "ಭೇಷ್! ಇಂತಾ ತಲೇನ ಇಲಾಖೆಯೋರು ಎಂಗೆ ಬುಟ್ಕೊಟ್ರು?" ಅಂದ. ಇಲಾಖೆಯವರು ನನ್ನ ಬೀಳ್ಕೊಡುಗೆಗೆ ಖುಷಿಯಿಂದ ಒಂದರ ಬದಲು ಎರಡು ಹಾರ ತಂದಿದ್ದರು ಎಂಬುದನ್ನು ನಾನು ಹೇಳಲಿಲ್ಲ.

ಎಷ್ಟು ಅಡಿ?

ಟೆಂಪೋ ಟ್ರಾವೆಲರಿನಲ್ಲಿ ಹೊರಟವರು ಆರು ಜನ. ನಾನು, ಹೆಂಡತಿ, ಮಗಳು, ಕೆ.ಆರ್. ಪೇಟೆಗೆ ಕೊಟ್ಟಿರುವ ನನ್ನ ಅಕ್ಕ, ಕ್ಯಾತನಹಳ್ಳಿಯವನು, ಮತ್ತು ತಾತ. ಹುಡುಗನ ಅಪ್ಪ, ಅಮ್ಮ ಬರಲಿಲ್ಲ. ಅವರ ಮನೆಯಲ್ಲಿ ನಾಲ್ಕು ಹಸು ಕರೆಯುವುದಿತ್ತು.

ಕೊಚ್ಚಿಯ ದಡದಲ್ಲಿ ಇಳಿದು, ಮೊದಲ ಸಲ ಸಮುದ್ರ ನೋಡಿದ ತಾತ ಹಣೆಗೆ ಕೈ ಅಡ್ಡ ಹಿಡಿದು ನಿಂತರು. ನಾವೆಲ್ಲ ಅವರು ಏನು ಹೇಳುತ್ತಾರೋ ಎಂದು ಕಾದೆವು. ಅವರು ನನ್ನ ಕಡೆ ತಿರುಗಿ ಕೇಳಿದರು: "ಇವತ್ತು ಎಸ್ಟಡಿ ಅದೆ?"

ನಮ್ಮ ಕಡೆಯವರು ಬೆಳಗ್ಗೆ ಎದ್ದು ಪೇಪರಿನಲ್ಲಿ ಮೊದಲು ನೋಡುವುದು ಕೆ.ಆರ್.ಎಸ್. ಕಟ್ಟೆಯ ನೀರಿನ ಮಟ್ಟವನ್ನು. ನೀರು ಕಂಡಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ. ಅದರಲ್ಲೂ ನಾನು ಇಲಾಖೆಯವನು.

"ಸಮುದ್ರಕ್ಕೆ ಹಂಗೆಲ್ಲ ಲೆಕ್ಕ ಇಲ್ಲ ಯಜಮಾನ್ರೇ," ಅಂದೆ.

"ಲೆಕ್ಕ ಇಲ್ದೆ ಇಸ್ಟು ನೀರು ಮಡೀಕಂಡವ್ರಾ? ಒಳಹರಿವು ಎಸ್ಟು?"

"ಎಲ್ಲಾ ನದೀನೂ ಬಂದು ಬೀಳ್ತವೆ."

"ನಾಲೆಗೆ ಎಸ್ಟು ಬುಡ್ತಾರೆ?"

"ಬಿಡೋದಿಲ್ಲ. ನಾಲೆ ಇಲ್ಲ, ಗೇಟೂ ಇಲ್ಲ."

ತಾತ ದಡದ ಉದ್ದಕ್ಕೂ ಒಂದು ಸಲ ಕಣ್ಣು ಹಾಯಿಸಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನದ ದನಿಯಲ್ಲಿ ಹೇಳಿದರು: "ಇದು ಒಂದಲ್ಲಾ ಒಂದಿನ ಒಡೀತದೆ. ನೀವು ಮೊದ್ಲೇ ರಿಟೈರಾಗಿದ್ದು ಒಳ್ಳೇದಾಯ್ತು ಬುಡಿ."

ತೂಕ

ದಡದಲ್ಲಿ ಕಾಯುತ್ತಿದ್ದ ಹುಡುಗ ನಮ್ಮನ್ನು ಬೋಟು ಹತ್ತಿಸಿದ. ಎರಡು ಅಂತಸ್ತಿನ ಬೋಟು. ನೂರಾರು ಜನ ಹತ್ತಿದ್ದರು. ಮೇಲಿನ ಅಂತಸ್ತು ಬಯಲು. ಸೂರ್ಯ ಕೆಳಗಿಳಿದು ಕೆಂಪಾಗುತ್ತಿದ್ದ ಹಾಗೆ ಜನವೆಲ್ಲ ಫೋನು ಹಿಡಿದು ಪಡುವಣ ಕಡೆಯ ಕಂಬಿಗೆ ನುಗ್ಗಿದರು. ನಾವೂ ಎದ್ದೆವು.

"ಏಯ್! ಎಲ್ಲಿಗ್ಲಾ ಓಗ್ತಾ ಇದೀರಿ?" ಎಂದು ತಾತ ಕೂಗಿದರು. ಅವರ ಹೆಂಡತಿಯ ತವರು ಹೇಮಾವತಿಯ ಆಚೆ ದಡದಲ್ಲಿತ್ತಂತೆ. ಮದುವೆಯಾದ ಹೊಸದರಲ್ಲಿ ಹರಿಗೋಲಿನಲ್ಲಿ ದಾಟಿ ದಾಟಿ ಅವರಿಗೆ ಅನುಭವವಿತ್ತು. "ಎಲ್ರೂ ಒಂದೇ ಕಡೀಕೆ ಓದ್ರೆ ಮಗುಚ್ಕಳಲ್ವಾ? ಅವ್ರಿಗೆ ಬುದ್ಧಿ ಇಲ್ಲ, ನಮಗಾದ್ರೂ ಬ್ಯಾಡ್ವಾ? ನಮ್ಮೋರೆಲ್ಲ ಇತ್ಲಾಗೆ ಬಂದು ಕುಂತ್ಕಳಿ!"

"ತಾತ, ಇದು ಕಬ್ಬಿಣದ ಬೋಟು, ಏನೂ ಆಗಲ್ಲ," ಅಂದ ಹುಡುಗ.

"ಕಬ್ಬಿಣ ಮುಳುಗಾಕಿಲ್ವೇನ್ಲಾ?" ಅಂದರು ತಾತ. ಇಂಜಿನಿಯರೇ ಮೊದಲು ಬಂದು ತಾತನ ಪಕ್ಕ ಕೂತ.

ಬೀಗರಾಗಬೇಕಾದವರ ಮಾತನ್ನು ಮೀರುವುದುಂಟೇ? ನಾವೆಲ್ಲರೂ ಮೂಡಣ ಕಡೆಯ ಬೆಂಚಿನಲ್ಲಿ ಸಾಲಾಗಿ, ಎರಡೂ ಕೈಯಲ್ಲಿ ಕಂಬಿ ಹಿಡಿದು, ಸೂರ್ಯನಿಗೆ ಬೆನ್ನು ಮಾಡಿ ಕೂತೆವು. ಎದುರಿಗೆ ಗೋಡೌನುಗಳು, ಎಣ್ಣೆಯ ಟ್ಯಾಂಕುಗಳು, ಹುಡುಗನ ಕ್ರೇನುಗಳು. ಬೆನ್ನ ಹಿಂದೆ ನೂರಾರು ಜನ "ವಾವ್" ಅಂದರು. ನಾನು ಕತ್ತು ತಿರುಗಿಸಿದೆ. "ಅಳ್ಳಾಡ್ಬ್ಯಾಡಿ!" ಎಂದು ತಾತ ಗದರಿದರು. ಇನ್ನೊಂದು ಸಲ "ವಾವ್" ಕೇಳಿಸಿತು, ಚಪ್ಪಾಳೆ ಕೇಳಿಸಿತು. ಅಕ್ಕ ಕತ್ತು ತಿರುಗಿಸದೆ, "ಮುಳುಗ್ದಾ?" ಎಂದು ಕೇಳಿದಳು. "ಮುಳುಗಿರಬೇಕು," ಅಂದೆ.

ಜನ ಕಂಬಿ ಬಿಟ್ಟು ಚದುರಿದ ಮೇಲೆ ತಾತ ಟವೆಲಿನಿಂದ ಹಣೆ ಒರೆಸಿಕೊಂಡು, "ಸದ್ಯ, ಎಲ್ಲಾ ಬದುಕ್ಕಂಡ್ರು," ಅಂದರು. ಊರಿಗೆ ಬಂದ ಮೇಲೆ ಸೂರ್ಯಾಸ್ತ ಹೇಗಿತ್ತು ಎಂದು ಕೇಳಿದವರಿಗೆಲ್ಲ ನನ್ನ ಹೆಂಡತಿ, "ಕ್ರೇನು ಬಹಳ ಚೆನ್ನಾಗಿತ್ತು," ಎಂದೇ ಹೇಳುತ್ತಿದ್ದಾಳೆ.

ಅಂಗೈ ರೇಖೆ

ಸೂರ್ಯ ಮುಳುಗಿದ್ದೇ ತಡ, ಕೆಳಗಿನ ಅಂತಸ್ತಿನಲ್ಲಿ ಊಟದ ಪಾತ್ರೆಗಳ ಮುಚ್ಚಳ ತೆಗೆದರು. ಅನ್ನ, ಸಾಂಬಾರು, ಚಪಾತಿ, ಕೋಳಿ, ಮೀನು. ತಾತ ಎರಡು ಸಲ ಮೂಗರಳಿಸಿದ್ದನ್ನು ನಾನು ಕಣ್ಣಾರೆ ಕಂಡೆ. ನನ್ನ ಕೆಲಸ ಕೈಗೂಡಿತು ಅನ್ನುವಷ್ಟರಲ್ಲಿ ಅಕ್ಕ ಕೆನ್ನೆ ಬಡಿದುಕೊಂಡಳು.

"ಶಿವನೇ! ಮುಸ್ಸಂಜೇಲಿ ಯಾರಾದ್ರೂ ಉಣ್ತಾರಾ? ದೀಪ ಅಚ್ಚೋ ಒತ್ತಲ್ವಾ?"

"ಅಕ್ಕ, ಇದು ಮನೆಯಲ್ಲ, ಬೋಟು," ಎಂದು ಪಿಸುಗುಟ್ಟಿದೆ.

"ಯಾಕೆ, ನೀರಿನ ಮ್ಯಾಲೆ ಮುಸ್ಸಂಜೆ ಆಗಾಕಿಲ್ವಾ?"

ತಾತ ತಲೆಯಾಡಿಸಿದರು. "ಅಕ್ಕಯ್ಯ ಯೋಳಾದು ಸರಿ. ಕತ್ಲಾಗ್ಲಿ."

ಕತ್ತಲಾಯಿತು ಎಂದು ತೀರ್ಮಾನಿಸುವುದಕ್ಕೆ ಅಕ್ಕನದೇ ಒಂದು ವಿಧಾನ. ಅಂಗೈ ಮುಂದೆ ಹಿಡಿದರೆ ರೇಖೆ ಕಾಣಬಾರದು. ನಮ್ಮ ದುರದೃಷ್ಟಕ್ಕೆ ಬೋಟಿನವರು ಮದುವೆ ಚಪ್ಪರದ ಹಾಗೆ ಸೀರಿಯಲ್ ಲೈಟು ಹಾಕಿಬಿಟ್ಟರು. ಅಕ್ಕ ಐದು ನಿಮಿಷಕ್ಕೊಮ್ಮೆ ಅಂಗೈ ನೋಡುತ್ತಾಳೆ, ರೇಖೆ ಚೆನ್ನಾಗಿ ಕಾಣುತ್ತದೆ. ಆಕಾಶದಲ್ಲಿ ನಕ್ಷತ್ರ ಬಂತು. ಅಕ್ಕನ ಅಂಗೈಯಲ್ಲಿ ಮಾತ್ರ ಮುಸ್ಸಂಜೆ ಹಾಗೇ ಇತ್ತು. ಉಳಿದ ಪ್ರಯಾಣಿಕರು ಉಂಡು ಐಸ್‌ಕ್ರೀಮಿಗೆ ಬಂದಿದ್ದರು. ಬೋಟು ದಡದ ಕಡೆ ತಿರುಗಿತು.

ಕೊನೆಗೆ ಮಗಳು ಎದ್ದಳು. ಅಕ್ಕನ ಕೈ ಹಿಡಿದು ದರದರನೆ ಮೆಟ್ಟಿಲಿನ ಹಿಂದಿನ ಕತ್ತಲೆ ಮೂಲೆಗೆ ಕರೆದುಕೊಂಡು ಹೋದಳು.

"ಈಗ ನೋಡತ್ತೆ. ರೇಖೆ ಕಾಣ್ತದಾ?"

"ಇಲ್ಲ ಕಣೆ."

"ಹಂಗಾದ್ರೆ ಕತ್ತಲಾಯ್ತು. ನಡಿ."

ಹುಡುಗಿಗೆ ಇಷ್ಟೊಂದು ಅವಸರ ಒಳ್ಳೆಯದಲ್ಲ ಎಂದು ಅಕ್ಕ ನನ್ನ ಹೆಂಡತಿಗೆ ಹೇಳಿದಳು. ಮೂರು ತಿಂಗಳು ಕಾಫಿ ಸೋಸಿ ಸೋಸಿ ಸಾಕಾಗಿದ್ದ ನನ್ನ ಹೆಂಡತಿ, "ನಂಗೆ ಅವಳಿಗಿಂತ ಅವಸರ ಅದೆ," ಅಂದಳು.

ಪಂಕ್ತಿ

ಕೆಳಗಿನ ಅಂತಸ್ತಿಗೆ ಇಳಿದೆವು. ಅಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ನಾವೇ ಬಡಿಸಿಕೊಳ್ಳಬೇಕು. ಗಂಡಿನ ಕಡೆಯ ಹಿರಿಯರನ್ನು ತಟ್ಟೆ ಕೊಟ್ಟು ನಿಲ್ಲಿಸಿದರೆ ನಾಳೆ ನಾಗಮಂಗಲದಲ್ಲಿ ನನ್ನ ಮರ್ಯಾದೆ ಏನಾಗಬೇಕು? ಉದ್ದನೆಯ ಮೇಜಿಗೆ ಎಲ್ಲರನ್ನೂ ಸಾಲಾಗಿ ಕೂರಿಸಿ, ನಾನೂ ಕ್ಯಾತನಹಳ್ಳಿಯವನೂ ಪಾತ್ರೆಗಳನ್ನೇ ಎತ್ತಿಕೊಂಡು ಬಂದೆವು. ಬೋಟಿನ ಮ್ಯಾನೇಜರು ಓಡಿ ಬಂದು ಮಲೆಯಾಳದಲ್ಲಿ ಏನೋ ಕೂಗಾಡಿದ. ಹುಡುಗ ಅವನಿಗೆ ಏನು ಹೇಳಿದನೋ, ಅವನು ತಲೆ ಕೆರೆದುಕೊಂಡು ಪಕ್ಕಕ್ಕೆ ನಿಂತ.

ತಾತನ ತಟ್ಟೆಗೆ ಅನ್ನ ಬಡಿಸಿದೆ. ಸಾಂಬಾರು ಬಿಟ್ಟೆ. ಕೋಳಿ ಹಾಕಿದೆ. ಬಾಯಿ ಮಾತ್ರ ಬಿಡಲಿಲ್ಲ. ತಾತ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ತಟ್ಟೆಯನ್ನೇ ನೋಡುತ್ತ ಕೂತರು. ಹಿರಿಯರು ಕೈ ಹಾಕದೆ ಪಂಕ್ತಿಯಲ್ಲಿ ಉಳಿದವರು ಕೈ ಹಾಕುವಂತಿಲ್ಲ. ಎಲ್ಲರ ಕೈಯೂ ತೊಡೆಯ ಮೇಲೆ. ಅನ್ನದ ಹಬೆ ನಿಂತಿತು. ತಾತ ಅಲುಗಲಿಲ್ಲ.

ಧಡ್ ಎಂದು ಬೋಟು ದಡಕ್ಕೆ ತಾಗಿತು. ಪ್ರಯಾಣಿಕರೆಲ್ಲ ಇಳಿದರು. ಮ್ಯಾನೇಜರು ಕೈಗಡಿಯಾರ ತೋರಿಸಿದ. ಮುಂದಿನ ಸರದಿಯ ಜನ ದಡದಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದರು. ಬಡಿಸಿದ ತಟ್ಟೆ ಮುಟ್ಟದೆ ತಾತ ಈಗ ಎದ್ದರೆ, ಈ ಸಂಬಂಧ ಅಲ್ಲಿಗೆ ಮುಗಿದ ಹಾಗೆ. ಮಗಳ ಕಡೆ ನೋಡಿದೆ. ಅವಳು ತಲೆ ತಗ್ಗಿಸಿ, ತಟ್ಟೆಯ ಅಂಚನ್ನು ಬೆರಳಿನಿಂದ ಉಜ್ಜುತ್ತಿದ್ದಳು. ನನ್ನ ಜಾಣತನದಿಂದ ಮಗುವಿನ ಬಾಳು ಕೆಡಿಸಿದೆ ಅನ್ನಿಸಿತು. ಮಾನ ಹೋದರೆ ಹೋಗಲಿ ಎಂದು ಅನ್ನದ ಪಾತ್ರೆ ಕೆಳಗಿಟ್ಟು ಕೈ ಮುಗಿದೆ.

"ಯಜಮಾನ್ರೇ, ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳಿ. ದಯವಿಟ್ಟು ಊಟ ಮಾಡಿ."

ತಾತ ತಟ್ಟನೆ ತಲೆಯೆತ್ತಿದರು.

"ಆಂ! ಅದನ್ನ ಯೋಳಕ್ಕೆ ಇಸ್ಟು ದಿವ್ಸ ಬೇಕಾಯ್ತೇನಯ್ಯ ನಿಂಗೆ?" ಅಂದವರೇ ಅನ್ನಕ್ಕೆ ಕೈ ಹಾಕಿ ಕಲಸಿದರು. "ಬಡ್ಸಿದೋನು ಊಟ ಮಾಡಿ ಅನ್ನದೆ ಕುಂತೋನು ಎಂಗಯ್ಯ ಕೈ ಆಕ್ತಾನೆ? ನಿಮ್ಮನೆ ಜಗಲೀಲಿ ಎಸ್ಟು ದಿನ ಒಟ್ಟೆ ಅಸ್ಕಂಡು ಕುಂತಿದೀನಿ! ಒಳ್ಗೆ ಗಮ್ ಅಂತದೆ, ಒರೀಕೆ ಬರೀ ಕಾಫಿ. ಊಟಕ್ಕೆ ಏಳಿ ಅಂತ ಒಬ್ರಾದ್ರೂ ಬಾಯಿಬುಟ್ರಾ? ಊಟಕ್ಕೇ ಕರೀದೋರು ಎಣ್ಣು ಎಂಗೆ ಕೊಟ್ಟಾರು, ಇವ್ರಿಗೆ ಮನ್ಸಿಲ್ಲ ಕನೋ ಅಂತ ನಾನು ನೋಡಾನ, ನೋಡಾನ ಅಂತಿದ್ದೆ."

ನಾವೆಲ್ಲ ಏಕಕಾಲಕ್ಕೆ ಕ್ಯಾತನಹಳ್ಳಿಯವನ ಕಡೆ ತಿರುಗಿದೆವು. ಅವನು ಸಾಂಬಾರಿನ ಪಾತ್ರೆ ಹಿಡಿದು, ಕಿಟಕಿಯಾಚೆ ಏನೂ ಕಾಣದ ಕತ್ತಲನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ತಾತ ನಿಧಾನವಾಗಿ ಉಂಡರು. ಅವರು ಏಳದೆ ನಾವಾರೂ ಏಳುವಂತಿಲ್ಲ. ಮ್ಯಾನೇಜರು ಎರಡು ಸಲ ಸೀಟಿ ಊದಿದ, ಒಂದು ಸಲ ಲೈಟು ಆರಿಸಿ ಹತ್ತಿಸಿದ. ತಾತ ಇನ್ನೊಂದು ತುಂಡು ಮೀನು ಕೇಳಿದರು. ಕೊನೆಗೆ ಬೇಗ ಮುಗಿಯಲಿ ಎಂದು ಮ್ಯಾನೇಜರೇ ಮೊಸರಿನ ಪಾತ್ರೆ ಹಿಡಿದು ಬಡಿಸಲು ಬಂದ. "ನೋಡಿ, ಪರಸ್ಥಳದೋನಾದ್ರೂ ಎಸ್ಟು ಉಪಚಾರ!" ಎಂದು ತಾತ ಅವನನ್ನು ಹೊಗಳಿ, ಮತ್ತೆ ಅನ್ನ ಹಾಕಿಸಿಕೊಂಡರು.

ಕೈ ತೊಳೆದು, ಟವೆಲಿಗೆ ಒರೆಸಿಕೊಂಡು ದಡಕ್ಕೆ ಇಳಿಯುವಾಗ ನಾನು ಹೆದರುತ್ತಲೇ ಕೇಳಿದೆ: "ಹಂಗಾದ್ರೆ ಯಜಮಾನ್ರೇ, ನಮ್ಮ ಹುಡುಗಿ ನಿಮಗೆ ಒಪ್ಪಿಗೆ ತಾನೆ?"

"ಎಣ್ಣು ಮೊದ್ಲ ದಿನಾನೇ ಒಪ್ಪಿಗೆ ಆಗಿತ್ತು ಕಣಯ್ಯ," ಎಂದು ತಾತ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು. "ಬೀಗ್ರು ಇವತ್ತು ಒಪ್ಪಿಗೆ ಆದ್ರು."