ನಡುಕುರ್ಚಿಗೆ ನಾನೂ ಒಬ್ಬ ಅಭ್ಯರ್ಥಿ

ನಾನು ಯಾವ ಕ್ಷಣದಲ್ಲಾದರೂ ಸಾಯಬಹುದು ಎಂದು ಡಾಕ್ಟರು ಹೇಳಲಿಲ್ಲ, ನಿಜ. ಆದರೆ ಸಾಯುವುದಿಲ್ಲ ಎಂದೂ ಬರೆದುಕೊಡಲಿಲ್ಲ. ಕೇಳಿದೆ. "ನಿಮಗೇನೂ ಆಗಿಲ್ಲ, ಹೊಟ್ಟೆಯಲ್ಲಿ ಗ್ಯಾಸ್ ತುಂಬಿತ್ತು ಅಷ್ಟೆ, ಮನೆಗೆ ಹೋಗಿ" ಎಂದರು. ಬದುಕಿರುವವರನ್ನೆಲ್ಲ ಅವರು ಹೀಗೆಯೇ ಮನೆಗೆ ಕಳಿಸುವುದು. ಆಮೇಲೆ ಅವರಲ್ಲಿ ಎಷ್ಟು ಜನ ಉಳಿದರು ಎಂದು ಯಾರಾದರೂ ವಿಚಾರಿಸಿದ್ದುಂಟೇ?

ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ನಾನು. ಸೇರಿದಂದಿನಿಂದ ನಿವೃತ್ತಿಯಾಗುವ ತನಕ ಒಂದೇ ಕೆಲಸ. ಒತ್ತಡದ ಮುಳ್ಳನ್ನು ದಿಟ್ಟಿಸುತ್ತ ಕೂರುವುದು, ಅದು ಕೆಂಪು ಗುರುತು ಮುಟ್ಟುವ ಮೊದಲು ಬೊಬ್ಬೆ ಹಾಕುವುದು. ನಿವೃತ್ತನಾದ ಮೇಲೆ ಬಾಯ್ಲರ್ ಹೋಯಿತು, ನಾನುಳಿದೆ. ಬಿ.ಪಿ. ನೋಡುವ ಯಂತ್ರವೊಂದನ್ನು ತಂದು ತೋಳಿಗೆ ಕಟ್ಟಿಕೊಂಡು ಕೂತೆ. ಎಡಗೈ ನಾಡಿಯನ್ನು ಬಲಗೈಯಿಂದ ಹಿಡಿಯುತ್ತೇನೆ. ಅನುಮಾನ ಬಂದರೆ ಬಲಗೈಯದನ್ನು ಎಡಗೈಯಿಂದ ಹಿಡಿಯುತ್ತೇನೆ. ಎರಡೂ ಒಂದೇ ಹೇಳಿದರೆ ಅನುಮಾನ ಇನ್ನೂ ಹೆಚ್ಚಾಗುತ್ತದೆ. ಫಲಿತಾಂಶವನ್ನು ಹೆಂಡತಿಗೆ ಆಗಿಂದಾಗ ಕೂಗಿ ಹೇಳುತ್ತೇನೆ. ಗಂಡನ ಪ್ರಾಣದ ವರದಿಯನ್ನು ಹೆಂಡತಿಗಲ್ಲದೆ ಇನ್ನಾರಿಗೆ ಒಪ್ಪಿಸಲಿ?

ಅವಳು ಒಂದು ಅಂಗಡಿಗೆ ಮನೆಯಲ್ಲೇ ಪರದೆಗಳನ್ನು ಹೊಲಿದುಕೊಡುತ್ತಾಳೆ. ನಾನು ಬಾಯಿ ತೆರೆದ ಕೂಡಲೇ ಅವಳ ಮಷೀನು ಓಟ ಕೀಳುತ್ತದೆ.

"ಲೇ, ನಾಡಿ ಒಂದು ಸಲ ತಪ್ಪಿತು ಕಣೇ."

"ಮತ್ತೆ ಸಿಕ್ತಾ?"

"ಸಿಕ್ತು."

"ಹಾಗಾದ್ರೆ ಬಿಡಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹೇಳಿ."

"ಹೆಚ್ಚುಕಮ್ಮಿ ಆದ್ಮೇಲೆ ಹೇಳೋಕೆ ನಾನಿರ್ತೀನೇನೇ?"

"ನೀವು ಹೇಳೋದೇ ಬೇಡ. ಸದ್ದು ನಿಂತ್ರೆ ನನಗೇ ಗೊತ್ತಾಗತ್ತೆ."

ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ನನಗೆ ನಿಜವಾಗಿಯೂ ಹೆದರಿಕೆ. ಸಾಯುವುದಕ್ಕೆ ಅಷ್ಟಿಲ್ಲ, ಒಬ್ಬನೇ ಸಾಯುವುದಕ್ಕೆ. ಸಂಜೆ ಕಿಟಕಿ ಕಪ್ಪಾಗುತ್ತ ಬಂದಾಗ, ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದು ಬಿಟ್ಟರೆ ಬೇರೆ ಸದ್ದಿಲ್ಲದಿದ್ದಾಗ, ಎದೆ ಹಿಡಿದುಕೊಂಡು ಬಿದ್ದರೆ ಯಾರಿಗೆ ಗೊತ್ತಾಗಬೇಕು? ಕೈ ಚಾಚಿದರೆ ಇನ್ನೊಂದು ಕೈ ಸಿಗಬೇಕು. ಜೀವಮಾನದಲ್ಲಿ ನಾನು ಇಟ್ಟುಕೊಂಡಿರುವ ಆಸೆ ಇದೊಂದೇ.

ಆ ಕೈ ವಾರಕ್ಕೆರಡು ಸಂಜೆ ಮನೆಯಲ್ಲಿರುತ್ತಿರಲಿಲ್ಲ. ಸುತ್ತುದಾರಿ ಆಸಕ್ತರ ಸಂಘಕ್ಕೆ ಹೋಗಿರುತ್ತಿತ್ತು.

ಸುತ್ತುದಾರಿ ಎಂದರೆ ಏನೆಂದು ನಿಮಗೆ ಗೊತ್ತಿರಲಾರದು. ನನಗೂ ಗೊತ್ತಿರಲಿಲ್ಲ, ಸುಖವಾಗಿದ್ದೆ. ಮುಚ್ಚಿಹೋದ ಮುದ್ರಣಾಲಯವೊಂದರ ಕಾಗದದ ಗೋದಾಮು. ಅದರ ಸಿಮೆಂಟು ನೆಲದ ಮೇಲೆ ಬಿಳಿ ಬಣ್ಣದಲ್ಲಿ ಗೆರೆ ಎಳೆದಿದ್ದಾರೆ. ಗೋಡೆಯಿಲ್ಲ, ಬೇಲಿಯಿಲ್ಲ, ಬರೀ ಗೆರೆ. ಗೆರೆಗಳ ನಡುವೆ ಒಂದೇ ಒಂದು ದಾರಿ, ಒಂದೇ ಒಂದು ಬಾಯಿ. ಆ ದಾರಿ ನಡುವಿನ ಹತ್ತಿರ ಹೋದಂತೆ ಮಾಡಿ ಹೊರಕ್ಕೆ ಬರುತ್ತದೆ, ಹೊರಕ್ಕೆ ಬಂದಂತೆ ಮಾಡಿ ಒಳಕ್ಕೆ ಹೋಗುತ್ತದೆ, ಇಡೀ ನೆಲವನ್ನು ಸುತ್ತಿಸಿ ಕೊನೆಗೆ ನಡುವಿಗೆ ತಂದು ನಿಲ್ಲಿಸುತ್ತದೆ. ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. (ದಾರಿ ತಪ್ಪದ ಮೇಲೆ ಮಜಾ ಏನು ಎಂದು ಕೇಳಿದ್ದಕ್ಕೆ ಹೆಂಡತಿ ನನ್ನನ್ನು ಕರುಣೆಯಿಂದ ನೋಡಿದಳು.) ನಿಯಮಗಳು ಮೂರು. ಒಳಗೆ ಕಾಲಿಟ್ಟ ಮೇಲೆ ಮಾತಾಡಬಾರದು. ಮುಂದಿನವರನ್ನು ಹಿಂದೆ ಹಾಕಬಾರದು. ಸತ್ತರೂ ಗೆರೆ ದಾಟಬಾರದು.

ಸರಿಯಾದ ನಡುವಿನಲ್ಲಿ ಒಂದು ಕುರ್ಚಿ. ಆಡಳಿತ ಮಂಡಳಿಯ ಒಬ್ಬ ಸದಸ್ಯರು ದಿನಾ ಸಂಜೆ ಬಾಗಿಲು ತೆರೆದಾಗಿನಿಂದ ಬೀಗ ಹಾಕುವವರೆಗೆ ಅಲ್ಲಿ ತುಟಿ ಬಿಚ್ಚದೆ ಕೂತು, ಸುತ್ತಿ ಬಂದವರಿಗೆ ತಲೆ ಆಡಿಸಬೇಕು. ನಡುಕುರ್ಚಿ ಸದಸ್ಯರೆಂದರೆ ಅಲ್ಲಿ ಭಾರೀ ಮರ್ಯಾದೆ. ಆ ಸ್ಥಾನದಲ್ಲಿದ್ದ ಹಿರಿಯ ಗ್ರಂಥಪಾಲಕಿ ತೀರಿಕೊಂಡರು. (ಕುರ್ಚಿಯಲ್ಲೇ ತೀರಿಕೊಂಡರಂತೆ. ಸುಮ್ಮನಿರುವುದೇ ಅವರ ಕರ್ತವ್ಯವಾಗಿದ್ದರಿಂದ ಬೀಗ ಹಾಕುವ ಹೊತ್ತಿನವರೆಗೆ ಯಾರಿಗೂ ಗೊತ್ತಾಗಲಿಲ್ಲ.) ಸ್ಥಾನ ತೆರವಾಯಿತು, ಚುನಾವಣೆ ಘೋಷಣೆಯಾಯಿತು, ನನ್ನ ಧರ್ಮಪತ್ನಿ ಉಮೇದುವಾರಳಾದಳು.

ಲೆಕ್ಕ ನೀವೇ ಹಾಕಿ. ಗೆದ್ದರೆ ದಿನಾ ಸಂಜೆ! ನನ್ನ ಬಿ.ಪಿ. ಯಂತ್ರ ಅಂದು ತೋರಿಸಿದ ಅಂಕಿಗೆ ನಮ್ಮ ಬಾಯ್ಲರ್ ಆಗಿದ್ದರೆ ಸೈರನ್ ಹೊಡೆಯುತ್ತಿತ್ತು.

ಅವಳ ಎದುರಾಳಿ ಬೀಗ ರಿಪೇರಿಯವನು. ಒಳ್ಳೆಯ ಮನುಷ್ಯ, ಆದರೆ ಸೋಲುವ ಗಿರಾಕಿ. ಆಗ ನನಗೆ ಆ ದಿವ್ಯ ಉಪಾಯ ಹೊಳೆಯಿತು. ನಾನೂ ಸಂಘ ಸೇರಿ ಚುನಾವಣೆಗೆ ನಿಂತರೆ? ನಮ್ಮ ಮನೆಗೆ ಬರುವ ಮತಗಳು ಎರಡು ಪಾಲಾಗುತ್ತವೆ, ಬೀಗದವನು ನಡುವೆ ನುಸುಳಿ ಗೆಲ್ಲುತ್ತಾನೆ, ಹೆಂಡತಿ ಮನೆಗೆ ವಾಪಸು. ನನಗೆ ಗೆಲ್ಲುವ ಅಪಾಯವಂತೂ ಇರಲಿಲ್ಲ. ನನಗೆ ಯಾರು ಮತ ಹಾಕುತ್ತಾರೆ?

ಸಾಯಂಕಾಲ ಅವಳಿಗೆ ಹೇಳಿದೆ. ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಹೇಳಿದೆ.

"ನಾನೂ ನಿಲ್ತೀನಿ ಕಣೇ."

ಮಷೀನು ನಿಂತಿತು. ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದಳು.

"ನೀವಾ? ಅಷ್ಟು ಹೊತ್ತು ಮಾತಾಡ್ದೆ ಕೂತ್ಕೊಳ್ತೀರಾ?"

"ಯಾಕೆ, ಆಗಲ್ವಾ?"

"ಆಗತ್ತೆ, ಆಗತ್ತೆ," ಎಂದಳು ನಿಧಾನವಾಗಿ. "ನಿಲ್ಲಿ. ಖಂಡಿತ ನಿಲ್ಲಿ."

ಇಷ್ಟು ಸಲೀಸಾಗಿ ಅವಳು ಒಪ್ಪಿದ್ದು ಮದುವೆಯಾದಂದಿನಿಂದ ಇದೇ ಮೊದಲು. ಆಗಲೇ ನನಗೆ ಅನುಮಾನ ಬರಬೇಕಿತ್ತು. ನಾಡಿಯ ಮೇಲೆ ಪಡುವ ಅನುಮಾನದಲ್ಲಿ ಒಂದು ಚೂರನ್ನು ಹೆಂಡತಿಯ ಮೇಲೆ ಪಟ್ಟಿದ್ದರೆ ಇವತ್ತು ಈ ಗತಿ ಬರುತ್ತಿರಲಿಲ್ಲ.

ಪ್ರಚಾರಕ್ಕೆ ಮನೆಮನೆಗೆ ಹೋದೆ. ಸಂಘದ ಧ್ಯೇಯೋದ್ದೇಶಗಳ ಬಗ್ಗೆ ನನಗೆ ಏನೂ ಗೊತ್ತಿಲ್ಲದ್ದರಿಂದ ನನ್ನ ಎದೆಯ ಬಗ್ಗೆ ಮಾತಾಡಿದೆ. ಜನ ಬಾಗಿಲಲ್ಲೇ ನಿಂತು ಕೇಳಿದರು. ಎಲ್ಲರೂ "ಆಗ್ಲಿ, ಆಗ್ಲಿ" ಎಂದು ಬೇಗ ಬೇಗ ತಲೆ ಆಡಿಸಿ ಬಾಗಿಲು ಹಾಕಿಕೊಂಡರು.

ಮತದಾನ ಭಾನುವಾರ ಮಧ್ಯಾಹ್ನ. ಅಲ್ಲಿನ ಪದ್ಧತಿ ಹೀಗೆ. ಅಭ್ಯರ್ಥಿಗಳು ನಡುವಿನಲ್ಲಿ ಮೂರು ಸ್ಟೂಲುಗಳ ಮೇಲೆ ಕೂರಬೇಕು. ಪ್ರತಿಯೊಬ್ಬರ ಬೆನ್ನ ಹಿಂದೆ ಒಂದು ಮಣ್ಣಿನ ಮಡಕೆ. ಮತದಾರರು ಒಬ್ಬೊಬ್ಬರಾಗಿ ಇಡೀ ದಾರಿ ಸುತ್ತಿಕೊಂಡು ಬಂದು, ತಮಗೆ ಬೇಕಾದವರ ಮಡಕೆಯಲ್ಲಿ ಒಂದು ಬೆಣಚುಕಲ್ಲು ಹಾಕಿ, ಮತ್ತೆ ಇಡೀ ದಾರಿ ಸುತ್ತಿಕೊಂಡು ಹೊರಗೆ ಹೋಗಬೇಕು. ಒಬ್ಬರು ಹೊರಗೆ ಬಂದ ಮೇಲೆ ಇನ್ನೊಬ್ಬರು ಒಳಗೆ. ಅಲ್ಲಿಯವರೆಗೆ ಉಳಿದವರು ಗೋಡೆಗೆ ಆನಿಕೊಂಡು, ಅಭ್ಯರ್ಥಿಗಳು ಕೂತಲ್ಲೇ, ಕಣ್ಣು ಮುಚ್ಚಿಕೊಂಡಿರುತ್ತಾರೆ. ಇವರು ಇದನ್ನು ಪ್ರಜಾಪ್ರಭುತ್ವ ಎನ್ನುತ್ತಾರೆ.

ಮೊದಲ ಮತ ಅಧ್ಯಕ್ಷರದು. ತುಂಬ ವಯಸ್ಸಾದವರು, ಒಂದು ಕಾಲದಲ್ಲಿ ಭೂಮಾಪಕರಾಗಿದ್ದರು, ಆ ಗೆರೆಗಳನ್ನು ಎಳೆದವರೂ ಅವರೇ. ಮುಷ್ಟಿಯಲ್ಲಿ ಕಲ್ಲು ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ಬಂದರು. ನಾನೊಬ್ಬನೇ ಕಣ್ಣು ಬಿಟ್ಟುಕೊಂಡಿದ್ದೆ. ಅರ್ಧ ದಾರಿಯಲ್ಲಿ ಅವರು ನಿಂತರು. ಎದೆ ಮುಟ್ಟಿಕೊಂಡರು. ಆಮೇಲೆ, ಯಾರಿಗೂ ತೊಂದರೆಯಾಗಬಾರದು ಎಂಬಂತೆ, ಗೆರೆಯ ಒಳಗೇ ಮಡಿಚಿಕೊಂಡು ಕುಸಿದರು.

"ಅಯ್ಯೋ, ಬಿದ್ರು! ಅಧ್ಯಕ್ಷರು ಬಿದ್ರು!" ಎಂದು ಕಿರುಚಿದೆ.

ಎಲ್ಲರೂ ಕಣ್ಣು ತೆರೆದು ಮೊದಲು ನನ್ನನ್ನು ದುರುಗುಟ್ಟಿದರು. ಮೌನ ಮುರಿದಿದ್ದೆನಲ್ಲ! ಆಮೇಲೆ ನೆಲ ನೋಡಿದರು. ಗೋಡೆಯಿಂದ ಅಧ್ಯಕ್ಷರವರೆಗೆ ನಾಲ್ಕಾರು ಹೆಜ್ಜೆ, ನಡುವೆ ಬಣ್ಣದ ಗೆರೆಗಳು ಮಾತ್ರ. ಸಂಘದ ಕಾರ್ಯದರ್ಶಿಯಾದ ದಂತವೈದ್ಯೆ (ಹಲ್ಲಿನದಾದರೂ ಡಾಕ್ಟರು ಡಾಕ್ಟರೇ) ಬ್ಯಾಗು ಎತ್ತಿಕೊಂಡು ಓಡಿದರು. ಎಲ್ಲಿಗೆ ಅಂತೀರಿ? ದಾರಿಯ ಬಾಯಿಗೆ. ಅವರ ಹಿಂದೆ ಇಡೀ ಸಂಘ ಸಾಲಾಗಿ ನುಗ್ಗಿತು. ದಂತವೈದ್ಯೆಗೆ ಮೈಭಾರ, ಮಂಡಿನೋವು. ಹಿಂದಿದ್ದ ಗಟ್ಟಿಮುಟ್ಟು ಆಸಾಮಿಗಳು ಅವರನ್ನು ಹಿಂದೆ ಹಾಕುವಂತಿಲ್ಲ. ನಿಂತಲ್ಲೇ ಕುಪ್ಪಳಿಸುತ್ತ, ಅಳುತ್ತ ಬರುತ್ತಿದ್ದರು. ದಾರಿ ಒಮ್ಮೆ ಅಧ್ಯಕ್ಷರ ತಲೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಕೈ ಚಾಚಿದ್ದರೆ ಸಿಗುತ್ತಿದ್ದರು. "ಬಂದೆ ಸಾರ್, ಬಂದೇಬಿಟ್ಟೆ!" ಎಂದು ದಂತವೈದ್ಯೆ ಬಾಯಿ ಬಿಡದೆ ಕೈಸನ್ನೆಯಲ್ಲೇ ಹೇಳಿದರು. ದಾರಿ ಎಡಕ್ಕೆ ತಿರುಗಿತು. ಅವರೂ ತಿರುಗಿ ಗೋದಾಮಿನ ಆ ಮೂಲೆಗೆ ಹೊರಟುಹೋದರು.

ಈ ಕಡೆ ಬೀಗದವನು ಮತ್ತು ನನ್ನ ಹೆಂಡತಿ ನಡುವಿನಿಂದ ಹೊರಟರು, ಅವರೂ ದಾರಿ ಹಿಡಿದೇ. ಹೊರಗೆ ಹೋಗುವವರು ಒಳಗೆ ಬರುವವರಿಗೆ ತಲೆಬಾಗಿ ಜಾಗ ಬಿಡಬೇಕು, ಅದೂ ಒಂದು ಪದ್ಧತಿಯಂತೆ. ಇಡೀ ಸಂಘ ಎದುರಿಗೆ ಬಂತು. ನನ್ನ ಹೆಂಡತಿ ಕಣ್ಣೀರು ಸುರಿಸುತ್ತ ಒಬ್ಬೊಬ್ಬರಿಗೂ ತಲೆಬಾಗುತ್ತ ನಿಂತಳು.

ನನಗೆ ತಡೆಯಲಾಗಲಿಲ್ಲ. ಗೆರೆಗಳನ್ನೆಲ್ಲ ತುಳಿದು ನೆಟ್ಟಗೆ ಓಡಿ, ಅಧ್ಯಕ್ಷರ ಪಕ್ಕ ಕೂತು ಅವರ ಕೈ ಹಿಡಿದುಕೊಂಡೆ. ನಾಡಿ ಹಿಡಿಯುವುದರಲ್ಲಿ ನನ್ನಷ್ಟು ಪಳಗಿದ ಕೈ ಅಲ್ಲಿ ಇನ್ನೊಂದಿರಲಿಲ್ಲ. ಸಿಕ್ಕಿತು, ತಪ್ಪಿತು, ಸಿಕ್ಕಿತು. ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಏನೋ ಹೇಳಬೇಕೆಂದು ತುಟಿ ಅಲುಗಿತು. ಕಿವಿ ಹತ್ತಿರ ಒಯ್ದೆ.

"ನೀವು... ಗೆರೆ ತುಳಿದ್ರಿ," ಎಂದರು.

ಅದೇ ಅವರ ಕೊನೆಯ ಮಾತು. ಆಮೇಲೆ ನಾಡಿ ಸಿಗಲಿಲ್ಲ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಸುತ್ತ ಇಷ್ಟು ಜನರಿದ್ದೂ, ಎಲ್ಲರಿಗೂ ಅವರ ಮೇಲೆ ಪ್ರೀತಿಯಿದ್ದೂ, ಕೈ ಹಿಡಿಯಲು ಗುರುತಿಲ್ಲದ ನಾನೊಬ್ಬನೇ ಇದ್ದೆ. ಸಂಘ ತಲುಪಿದ್ದು ಆಮೇಲೆ, ಸಾಲು ಕೆಡದಂತೆ.

ಆಂಬುಲೆನ್ಸಿನವರು ಸ್ಟ್ರೆಚರ್ ಹಿಡಿದು ಗೆರೆಗಳ ಮೇಲೆಯೇ ನಡೆದು ಬಂದಾಗ ಸಂಘದವರೆಲ್ಲ ಕಣ್ಣು ಮುಚ್ಚಿಕೊಂಡರು. ಅಧ್ಯಕ್ಷರ ಮುಷ್ಟಿಯಲ್ಲಿದ್ದ ಮತವನ್ನು ಬಿಡಿಸಲು ಬೀಗದವನಿಂದಲೂ ಆಗಲಿಲ್ಲ. ಅದು ಅವರ ಜೊತೆಗೇ ಹೋಯಿತು. ಇನ್ನು ಚುನಾವಣೆ ರದ್ದು, ಹೆಂಡತಿಯನ್ನು ಕರೆದುಕೊಂಡು ಮನೆಗೆ ಹೋಗಬಹುದು ಎಂದುಕೊಂಡೆ. ದಂತವೈದ್ಯೆ ಕಣ್ಣೊರೆಸಿಕೊಂಡು, "ಹೊರಟ ದಾರಿಯನ್ನ ಅರ್ಧಕ್ಕೆ ಬಿಡೋದು ಅಧ್ಯಕ್ಷರಿಗೆ ಇಷ್ಟ ಆಗ್ತಿರಲಿಲ್ಲ," ಎಂದರು. ಎಲ್ಲರೂ ಮೂಗು ಒರೆಸಿಕೊಳ್ಳುತ್ತ ಕಲ್ಲು ಹಿಡಿದು ಸಾಲಿನಲ್ಲಿ ನಿಂತರು. ನನ್ನ ಬೆನ್ನ ಹಿಂದೆ ಟಣ್, ಟಣ್ ಎಂದು ಸದ್ದಾಗುತ್ತಲೇ ಇತ್ತು. ನನ್ನ ಹಿಂದೆಯೇ!

ಎಣಿಸಿದರು. ಬೀಗದವನಿಗೆ ಒಂದು, ಅದು ಅವನದೇ. ಹೆಂಡತಿಯ ಮಡಕೆ ಖಾಲಿ. ಮಿಕ್ಕಿದ್ದೆಲ್ಲ ನನಗೆ.

ನಾನು ಉಬ್ಬಿಹೋದೆ, ಸುಳ್ಳೇಕೆ ಹೇಳಲಿ? ಸಾಯುತ್ತಿರುವವನ ಕೈ ಹಿಡಿದ ನನ್ನ ಹೃದಯವೈಶಾಲ್ಯವನ್ನು ಜನ ಮೆಚ್ಚಿದರು ಎಂದುಕೊಂಡೆ. ಗೆರೆ ತುಳಿದ ಅಪರಾಧದ ಮಾತು ಬಂತು. "ನಡುಕುರ್ಚಿಯಲ್ಲಿ ಕೂತವರಿಗೆ ಓಡಾಟವೇ ಇರಲ್ಲ, ಮತ್ತೆ ತುಳಿಯೋ ಸಂದರ್ಭ ಬರಲ್ಲ," ಎಂದು ದಂತವೈದ್ಯೆ ಕ್ಷಮಿಸಿಬಿಟ್ಟರು. ನಾಳೆಯೇ ಅಧಿಕಾರ ಸ್ವೀಕಾರ.

ಮನೆಗೆ ಬಂದ ಮೇಲೆ ಕೇಳಿದೆ. "ಅಲ್ವೇ, ಅವರೆಲ್ಲ ಹಾಕಿದ್ದು ಸರಿ. ನಿನ್ನ ಮಡಕೇಲಿ ನಿನ್ನ ಕಲ್ಲೂ ಇರಲಿಲ್ವಲ್ಲ?"

"ನಿಮಗೇ ಹಾಕ್ದೆ."

"ನನಗಾ? ಯಾಕೇ?"

"ನಾನಷ್ಟೇ ಹಾಕಿದ್ರೆ ಸಾಕಾಗತ್ತಾ? ನೀವು ಪ್ರಚಾರ ಮಾಡಿ ಬಂದ ಮನೆಗೆಲ್ಲ ಮಾರನೇ ದಿನ ನಾನೂ ಹೋಗಿ ಕೇಳ್ಕೊಂಡೆ. 'ನಿಮ್ಮ ಕಾಲಿಗೆ ಬೀಳ್ತೀನಿ, ಅವರನ್ನ ಗೆಲ್ಲಿಸಿ' ಅಂತ. ನಿಮ್ಮ ಮಾತು ಕೇಳಿದ್ರಲ್ಲ, ಹೆಚ್ಚು ಹೇಳೋದೇ ಬೇಕಾಗಲಿಲ್ಲ. ಪಾಪ ಅಂದ್ರು."

"ನಿನಗೆ ಆ ಕುರ್ಚಿ ಮೇಲೆ ಅಷ್ಟು ಆಸೆ ಇತ್ತಲ್ಲೇ?"

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತಿದಳು. ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು.

"ನನಗೆ ಬೇಕಾಗಿದ್ದು ಕುರ್ಚಿ ಅಲ್ಲ ರೀ. ಯಾರೂ ಮಾತಾಡದ ಒಂದು ಜಾಗ. ಅದು ಅಲ್ಲಿತ್ತು, ಹೋಗ್ತಿದ್ದೆ. ಈಗ ನೀವೇ ಅಲ್ಲಿಗೆ ಹೋದ್ರೆ ಇಲ್ಲೇ ಸಿಗತ್ತೆ. ಸಂಜೆ ಹೊತ್ತು ನನ್ನ ಮನೇಲಿ ನಾನು ಸುಮ್ನೆ ಕೂತು ಎಷ್ಟು ವರ್ಷ ಆಯ್ತು ಗೊತ್ತಾ?"

ನನ್ನ ಕೈ ತಾನಾಗಿ ನಾಡಿಗೆ ಹೋಯಿತು.

"ಮತ್ತೆ ನಾನು? ನನಗೆ ಒಬ್ಬನೇ ಸಾಯೋಕೆ ಹೆದರಿಕೆ ಅಂತ ನಿನಗೆ ಗೊತ್ತಲ್ವಾ?"

"ಅದನ್ನೂ ಯೋಚಿಸ್ದೆ. ಅಲ್ಲಿ ಸಂಘಕ್ಕೆ ಸಂಘವೇ ಸುತ್ತ ಇರತ್ತೆ. ಡಾಕ್ಟರೂ ಇರ್ತಾರೆ. ಇಲ್ಲಾದ್ರೆ ನಾನೊಬ್ಳೇ."

"ಅವರು ಬರಲ್ಲ ಕಣೇ! ಇವತ್ತು ಕಣ್ಣಾರೆ ನೋಡಿದ್ಯಲ್ಲ!"

"ಬರ್ತಾರೆ ರೀ," ಎಂದಳು ಹೆಂಡತಿ, ಮಷೀನಿನ ಮೇಲೆ ಪರದೆಯನ್ನು ನೇರ ಮಾಡಿಕೊಳ್ಳುತ್ತ. "ಸ್ವಲ್ಪ ಸುತ್ಕೊಂಡು ಬರ್ತಾರೆ, ಅಷ್ಟೆ."