ಬಾಚಣಿಗೆಯ ಮೇಲೊಂದು ಸಂಶೋಧನೆ

ಮಲ್ಲೇಶ್ವರದ ಅಷ್ಟೂ ಹೆಂಗಸರ ತಲೆಗಳನ್ನು ರೋಗಾಣುಗಳ ದಾಸ್ಯದಿಂದ ಬಿಡಿಸುತ್ತೇನೆಂದು ನಾನು ಪಣ ತೊಟ್ಟದ್ದು ಒಂದು ಸೋಮವಾರ ಬೆಳಿಗ್ಗೆ, ಎರಡನೇ ಕಾಫಿ ಕುಡಿಯುವಾಗ. ಮೊಬೈಲಿಗೆ ಬಂದ ವೀಡಿಯೊದಲ್ಲಿ ಬಿಳಿ ಕೋಟಿನ ಡಾಕ್ಟರೊಬ್ಬರು ಬ್ಯೂಟಿ ಪಾರ್ಲರುಗಳ ಒಳಗುಟ್ಟನ್ನೆಲ್ಲ ಬಯಲು ಮಾಡಿದ್ದರು. ಒಬ್ಬರ ತಲೆಯ ಬಾಚಣಿಗೆ ಇನ್ನೊಬ್ಬರ ತಲೆಗೆ, ಒಬ್ಬರ ಕಾಲು ನೆನೆಸಿದ ಟಬ್ಬಿಗೆ ಇನ್ನೊಬ್ಬರ ಕಾಲು, ಒಂದೇ ವ್ಯಾಕ್ಸ್ ಡಬ್ಬಿಗೆ ಹತ್ತು ಸಲ ಅದ್ದಿದ ಅದೇ ಕಡ್ಡಿ! ನೋಡುತ್ತ ನೋಡುತ್ತ ನನ್ನ ತಲೆಯೇ ತುರಿಸತೊಡಗಿತು. ನಾನೇನು ಸಾಮಾನ್ಯಳೇ? ಬಿ.ಎಸ್ಸಿ.ಯಲ್ಲಿ ಸೆಕೆಂಡ್ ಕ್ಲಾಸ್! ಮೂವತ್ತು ವರ್ಷ ಒಗ್ಗರಣೆ ಹೊಗೆಯಲ್ಲಿ ಮಲಗಿದ್ದ ವಿಜ್ಞಾನಿ ದಡಕ್ಕನೆ ಎದ್ದು ಕೂತಳು.

"ರೀ, ಲಾವಣ್ಯನ ಪಾರ್ಲರಲ್ಲಿ ಬ್ಯಾಕ್ಟೀರಿಯಾ ನೋಡ್ಬೇಕು ಅಂತಿದೀನಿ," ಎಂದೆ.

ನನ್ನ ಯಜಮಾನ ರಾಮಾನುಜ ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಹೊಸದಾಗಿ ಬಂದಿದ್ಯಾ? ಫೇಶಿಯಲ್ಲೇ ಸಾಕಾಗಿತ್ತಲ್ಲ."

ಲಾವಣ್ಯ ತರಕಾರಿ ಅಂಗಡಿಯ ಮುನಿಕೃಷ್ಣಪ್ಪನವರ ಮಗಳು. ಸಂಪಿಗೆ ರಸ್ತೆಯಿಂದ ಒಳಗೆ ತಿರುಗಿದರೆ ಅವಳದು ಮೂರು ಕುರ್ಚಿಯ ಪುಟ್ಟ ಪಾರ್ಲರ್. ಎಂಟು ವರ್ಷದಿಂದ ನನ್ನ ಹುಬ್ಬುಗಳೆರಡೂ ಅವಳ ದಾರದ ಸುಪರ್ದಿಯಲ್ಲಿವೆ. ಅಂದು ಮಧ್ಯಾಹ್ನ ಕೂದಲ ತುದಿ ಕತ್ತರಿಸುವ ನೆಪದಲ್ಲಿ ಹೋಗಿ ಕೂತೆ. ಬಾಚಣಿಗೆ ತೊಳೆಯುತ್ತೀಯೇನಮ್ಮ ಎಂದು ಕೇಳಿದ್ದಕ್ಕೆ, ಪ್ರತಿಯೊಬ್ಬರಿಗೂ ಸೋಪಿನಲ್ಲಿ ತೊಳೆದು, ಔಷಧಿ ನೀರಿನಲ್ಲಿ ನೆನೆಸಿದ್ದನ್ನೇ ತೆಗೆಯುತ್ತೇನೆ ಎಂದಳು. ನಾನು ವಿಜ್ಞಾನಿಗಳು ನಗುವಂತೆ ನಕ್ಕೆ. ಅವಳು ಫೋನ್ ತೆಗೆದುಕೊಳ್ಳಲು ಆಚೆ ತಿರುಗಿದ್ದೇ ತಡ, ಹತ್ತಿ ಸುತ್ತಿದ ಕಡ್ಡಿಯೊಂದನ್ನು ಬಾಚಣಿಗೆಯ ಹಲ್ಲುಗಳಿಗೆ ಉಜ್ಜಿ ಪರ್ಸಿಗೆ ಸೇರಿಸಿದೆ!

ರೋಗಾಣು ಬೆಳೆಸಲು ಲ್ಯಾಬಿನಲ್ಲಿ ಬಳಸುವ ಅಗರ್ ಅಂದರೆ ಸಿಹಿತಿಂಡಿಗೆ ಹಾಕುವ ಚೈನಾ ಗ್ರಾಸೇ ಎಂದು ಹೇಳಿಕೊಟ್ಟವಳು ಪಿಯುಸಿ ಓದುವ ನನ್ನ ಮಗಳು ಆರಾಧನಾ. ಅದನ್ನು ತೊಗರಿಬೇಳೆ ಕಟ್ಟಿನಲ್ಲಿ ಕುದಿಸಿ ಎರಡು ಗಾಜಿನ ಬಟ್ಟಲಿಗೆ ಹೊಯ್ದೆ. ಹೋಲಿಕೆಗೆ ಮನೆಯ ಬಾಚಣಿಗೆಯದೂ ಇರಲಿ ಎಂದಳು ಮಗಳು. ಧಾರಾಳವಾಗಿ ಇರಲಿ! ನನ್ನ ಬಾಚಣಿಗೆಯ ಪಾವಿತ್ರ್ಯವೂ ಜಗತ್ತಿಗೆ ತಿಳಿಯಲಿ! ಒಂದು ಬಟ್ಟಲಿನ ತಳಕ್ಕೆ 'ಪಾರ್ಲರ್' ಎಂದೂ ಇನ್ನೊಂದರ ತಳಕ್ಕೆ 'ಮನೆ' ಎಂದೂ ಚೀಟಿ ಅಂಟಿಸಿ, ಆಯಾ ಬಾಚಣಿಗೆಗೆ ಉಜ್ಜಿದ ಕಡ್ಡಿಯನ್ನು ಆಯಾ ಬಟ್ಟಲಿಗೆ ಸವರಿ, ಮೇಲೆ ತಟ್ಟೆ ಮುಚ್ಚಿ, ದೋಸೆ ಹಿಟ್ಟಿನ ಪಾತ್ರೆಯ ಪಕ್ಕ ಬೆಚ್ಚಗೆ ಇಟ್ಟೆ.

ಗುರುವಾರ ಬೆಳಿಗ್ಗೆ ತಟ್ಟೆ ಎತ್ತಿ ನೋಡಿದರೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ! ಹಸಿರು, ಕಪ್ಪು, ಹಳದಿ, ಬೆಕ್ಕಿನ ಮರಿಯ ಬೆನ್ನಿನಂಥ ಬಿಳಿ ಬೂಷ್ಟು. ಇನ್ನೊಂದು ಬಟ್ಟಲು ಸಿಂಕಿನ ಪಕ್ಕ ತೊಳೆದು ಬೋರಲು ಹಾಕಿತ್ತು. ಅದು ಮನೆಯದು, ಏನೂ ಬೆಳೆದಿಲ್ಲವೆಂದು ಯಾರೋ ಚೆಲ್ಲಿದ್ದಾರೆ ಎಂದುಕೊಂಡೆ. ಚೀಟಿ ನೋಡುವಷ್ಟು ತಾಳ್ಮೆ ಯಾರಿಗಿತ್ತು? ಫೋಟೊ ತೆಗೆದು, ನಮ್ಮ ರಸ್ತೆಯ ಮಹಿಳೆಯರ ವಾಟ್ಸಾಪ್ ಗುಂಪಿಗೆ 'ಲಾವಣ್ಯ ಪಾರ್ಲರಿನ ಬಾಚಣಿಗೆ. ಸಹೋದರಿಯರೇ, ಎಚ್ಚರ!' ಎಂದು ಹಾಕಿಯೇಬಿಟ್ಟೆ. ಅರ್ಧ ಗಂಟೆಯಲ್ಲಿ ನಾಲ್ವರು ಪಾರ್ಲರಿಗೆ ಬರುವುದಿಲ್ಲವೆಂದು ಫೋನ್ ಮಾಡಿದರಂತೆ. ಮೂಲೆಮನೆಯ ಇಂಚರಾಳ ತಾಯಿಯಂತೂ ಮಗಳ ನಿಶ್ಚಿತಾರ್ಥದ ಅಲಂಕಾರವನ್ನೇ ರದ್ದು ಮಾಡಿದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸಾಕ್ಷಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಪಾರ್ಲರಿಗೆ ದಂಡಯಾತ್ರೆ ಹೊರಟೆ.

ಒಳಗೆ ಒಬ್ಬರೇ ಗಿರಾಕಿ, ಹಿಂದಿನ ಬೀದಿಯ ದ್ರೌಪದಮ್ಮ. ತಲೆತುಂಬ ಹೇರ್ ಡೈ ಮೆತ್ತಿಸಿಕೊಂಡಿದ್ದರಿಂದ ಓಡಿಹೋಗಬೇಕೆಂದರೂ ಅವರಿಗೆ ಉಪಾಯವಿರಲಿಲ್ಲ. ಲಾವಣ್ಯನ ಕಣ್ಣು ಕೆಂಪಾಗಿತ್ತು.

"ಆಂಟಿ, ಮೊದ್ಲು ನನಗೊಂದು ಮಾತು ಹೇಳ್ಬಹುದಿತ್ತು," ಎಂದಳು. "ಇಂಚರಾಗೋಸ್ಕರ ನಾಳೆ ಬೇರೆ ಯಾರನ್ನೂ ಬರ್ಬೇಡಿ ಅಂದಿದ್ದೆ."

ನನ್ನ ಮನಸ್ಸು ಒಂದು ಗಳಿಗೆ ಕರಗಿತು. ಆದರೆ ವಿಜ್ಞಾನ ಕರಗುತ್ತದೆಯೇ? ಬೂಷ್ಟಿನ ಬಟ್ಟಲನ್ನು ಕಿರೀಟದಂತೆ ತಲೆಯ ಮೇಲಕ್ಕೆ ಎತ್ತಿ ಹಿಡಿದು, ಇದಕ್ಕೇನು ಹೇಳ್ತೀಯ ಎಂದು ಗರ್ಜಿಸಿದೆ. ಕುರ್ಚಿಯಲ್ಲಿ ಒರಗಿದ್ದ ದ್ರೌಪದಮ್ಮ ಕನ್ನಡಕ ಹಾಕಿಕೊಂಡು ಬಟ್ಟಲಿನ ತಳವನ್ನೇ ದಿಟ್ಟಿಸಿದರು.

"ಇದರ ಕೆಳಗೆ 'ಮನೆ' ಅಂತ ಬರ್ದಿದೆಯಲ್ಲ ಸಂಧ್ಯಾ. ಯಾರ ಮನೇದು?"

ಬಟ್ಟಲನ್ನು ಇಳಿಸಿ ತಳ ನೋಡಿದೆ. ಯಜಮಾನರು ಚೀಟಿ ಅದಲು ಬದಲು ಮಾಡಿರುತ್ತಾರೆ ಎಂದು ಸಾರಿ, ಒಂದು ಕೈಯಲ್ಲಿ ಬಟ್ಟಲಿದ್ದುದರಿಂದ ಸ್ಪೀಕರ್ ಹಾಕಿಯೇ ಫೋನ್ ಮಾಡಿದೆ. ಇನ್ನೊಂದು ಬಟ್ಟಲಿನದು ಏನಾಯಿತು ಎಂದು ಕೇಳಿದೆ.

"ಆ ಚೈನಾ ಗ್ರಾಸಾ? ನಿನ್ನೆ ಸಂಜೆ ನಾನೇ ತಿಂದೆ," ಎಂದಿತು ಸ್ಪೀಕರ್. "ಸಕ್ಕರೆ ಮರ್ತಿದ್ದೆ ನೀನು, ಸಪ್ಪೆ ಇತ್ತು. ತೊಳೆಯೋವಾಗ ನೋಡಿದ್ರೆ ಕೆಳಗೆ 'ಪಾರ್ಲರ್' ಅಂತ ಚೀಟಿ. ಐಸ್‌ಕ್ರೀಮ್ ಪಾರ್ಲರಿಂದ ತಂದಿದ್ದೇನೋ ಅಂದ್ಕೊಂಡೆ. ಇನ್ನೊಂದು ಪೂರ್ತಿ ಹಾಳಾಗಿತ್ತು, ಮುಟ್ಟಲಿಲ್ಲ."

ಹೊಟ್ಟೆ ಹೇಗಿದೆಯೆಂದು ಕ್ಷೀಣವಾಗಿ ಕೇಳಿದೆ. ಬೆಳಿಗ್ಗೆ ಎಂಟು ದೋಸೆ ತಿಂದಿದ್ದೇನೆ, ಚೆನ್ನಾಗಿಯೇ ಇದೆ ಎಂದರು. ಲಾವಣ್ಯನ ಬಾಚಣಿಗೆಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇನ್ನಾವುದಿದೆ!

ಅಲ್ಲೇ ನಿಂತು ವಾಟ್ಸಾಪ್ ಗುಂಪಿಗೆ ಕ್ಷಮಾಪಣೆ ಬರೆದೆ. 'ಆ ಬೂಷ್ಟು ನಮ್ಮ ಮನೆಯ ಬಾಚಣಿಗೆಯದು' ಎಂಬ ಒಂದು ವಾಕ್ಯ ಟೈಪು ಮಾಡಲು ಹತ್ತು ನಿಮಿಷ ಹಿಡಿಯಿತು. ಇಂಚರಾಳ ತಾಯಿಗೆ ನಾನೇ ಫೋನ್ ಮಾಡಿ ನಡೆದದ್ದನ್ನು ಒಪ್ಪಿಕೊಂಡೆ. ಅವರು ನಗು ತಡೆಯಲಾರದೆ, ನಾಳೆ ಬೆಳಿಗ್ಗೆ ಏಳಕ್ಕೆ ಮಗಳನ್ನು ಕರೆತರುತ್ತೇವೆ ಎಂದು ಲಾವಣ್ಯನಿಗೆ ತಿಳಿಸಲು ಹೇಳಿದರು.

ಲಾವಣ್ಯ ಕೈಗೆ ಗ್ಲೌಸ್ ಹಾಕಿಕೊಂಡು ಬಟ್ಟಲನ್ನು ಎರಡೇ ಬೆರಳಲ್ಲಿ ಹಿಡಿದು ಕವರಿಗೆ ಹಾಕಿ ಗಂಟು ಕಟ್ಟಿದಳು. ನನ್ನನ್ನು ಕೂರಿಸಿ, ತಲೆಗೆ ಎರಡು ಸಲ ಶಾಂಪೂ ಹಾಕಿ ತೊಳೆದು, ಬೆಳ್ಳಗಿನ ಟವೆಲ್ ಸುತ್ತಿದಳು. ಆ ಹುಡುಗಿಯ ಸಮಾಧಾನಕ್ಕೆ ನನಗೆ ಅಳುವೇ ಬಂತು.

ಆಗ ಪಕ್ಕದ ಕುರ್ಚಿಯಿಂದ ದ್ರೌಪದಮ್ಮ ದನಿ ತಗ್ಗಿಸಿ, ಆದರೂ ನನಗೆ ಕೇಳುವಷ್ಟು ಸ್ಪಷ್ಟವಾಗಿ ಹೇಳಿದರು:

"ಲಾವಣ್ಯಾ, ಅವರಿಗೆ ಸುತ್ತಿದ ಟವೆಲ್ನ ನನಗೆ ಹಾಕ್ಬೇಡಮ್ಮ."